ಹದಿನೇಳು ಸಾವಿರದ ಎಂಟುನೂರರ ಚೀಟಿ

ನಮ್ಮ ದೊಡ್ಡಬಳ್ಳಾಪುರದಲ್ಲಿ ಹೊಸ ಕಾನೂನಿಗೆ ಸನ್ಮಾನ ನಡೆದ ದಿನವೇ ಕಳ್ಳತನವೂ ನಡೆಯಿತು. ಕಾನೂನಿಗೆ ಯಾರಾದರೂ ಸನ್ಮಾನ ಮಾಡುತ್ತಾರೆಯೇ ಎಂದು ಕೇಳಬೇಡಿ. ನಮ್ಮೂರಿನ ಮಗ್ಗದ ಮಾಲೀಕರ ಸಂಘದವರಿಗೆ ಶಾಲು ಹೊದಿಸಲು ಒಂದು ಹೆಗಲು ಸಿಕ್ಕರೆ ಸಾಕು, ಅದು ಯಾರದೆಂದು ನೋಡುವವರಲ್ಲ. ಅವತ್ತು ಸಿಕ್ಕಿದ್ದು ಒಬ್ಬ ಮಾಜಿ ಮಂತ್ರಿಯ ಹೆಗಲು. ಹತ್ತು ಲಕ್ಷಕ್ಕಿಂತ ಹೆಚ್ಚಿನ ಸ್ವತ್ತು ಕದ್ದರೆ ಅದು ‘ಭಾರಿ ಕಳವು’, ಅದಕ್ಕೆ ಹತ್ತು ವರ್ಷ ಜೈಲು, ಜಾಮೀನು ಸುಲಭಕ್ಕೆ ಇಲ್ಲ ಎಂದು ರಾಜ್ಯ ಸರ್ಕಾರ ಕಾನೂನು ಮಾಡಿತ್ತು. ಅದನ್ನು ತಾನೇ ಹೆತ್ತ ಹಾಗೆ ಆತ ವೇದಿಕೆಯ ಮೇಲೆ ಬೀಗುತ್ತಾ ಕೂತಿದ್ದ.

"ಇನ್ನು ಮುಂದೆ ದೊಡ್ಡ ಕಳ್ಳರು ನಿದ್ದೆ ಮಾಡೋ ಹಾಗಿಲ್ಲ!" ಎಂದು ಅವನು ಮೈಕಿನಲ್ಲಿ ಕೂಗಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು, ಊರಾಚೆಯ ಕೆರೆಯಂಗಳವನ್ನು ಸೈಟು ಮಾಡಿ ಮಾರಿದ ಮಹಾನುಭಾವ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ಹಳೆಯದಾಯಿತು. ಈಗಿನವರು ಅದೇ ಹೆಗಲಿಗೆ ಶಾಲು ಹಾಕಿಸಿಕೊಳ್ಳುತ್ತಾರೆ.

ಅಧ್ಯಕ್ಷ ಭಾಷಣ ನಮ್ಮ ಯಜಮಾನರದು. ಹೆಸರು ವೇಣುಗೋಪಾಲ್, ಇಪ್ಪತ್ತನಾಲ್ಕು ಪವರ್‌ಲೂಮ್ ಮಗ್ಗಗಳ ಒಡೆಯರು, ಸಂಘದ ಅಧ್ಯಕ್ಷರು. ನಾನು ಬನಶಂಕರಿ. ಅವರ ಮನೆಯ ಹಿಂದಿನ ಹಜಾರದಲ್ಲಿ ಹನ್ನೊಂದು ವರ್ಷದಿಂದ ಕೂಲಿಗೆ ಸೀರೆ ಮಡಿಸುವವಳು. ಮಗ್ಗದಿಂದ ಇಳಿದ ಸೀರೆ ಪಾಲಿಶ್ ಆಗಿ ಬಂದ ಮೇಲೆ ಅದಕ್ಕೆ ಮಡಿಕೆ ಹಾಕಿ, ಒಳಮಡಿಕೆಯ ಅಂಚಿಗೆ ಬೆಲೆಯ ಚೀಟಿ ಹೊಲಿದು, ಕವರಿಗೆ ತುಂಬಿ, ಕಟ್ಟು ಕಟ್ಟುವುದು ನನ್ನ ಕೆಲಸ. ಅವತ್ತು ಕೆಲಸದವರೆಲ್ಲರೂ ಕಡ್ಡಾಯವಾಗಿ ಸಭೆಗೆ ಬರಬೇಕೆಂದು ಅಪ್ಪಣೆಯಾಗಿತ್ತು. ಖಾಲಿ ಕುರ್ಚಿ ಕಂಡರೆ ಮಾಜಿ ಮಂತ್ರಿಗೆ ಬೇಜಾರಾಗುತ್ತದಂತೆ. ಹಾಗಾಗಿ ಮಧ್ಯಾಹ್ನ ಮೂರು ಗಂಟೆಗೆ ಮಗ್ಗ ನಿಲ್ಲಿಸಿ, ಗೋಡೌನಿಗೆ ಬೀಗ ಹಾಕಿ, ನಾವು ಇಪ್ಪತ್ತು ಜನ ಕುರ್ಚಿ ತುಂಬಿಸಲು ಹೋದೆವು.

ಆರು ಗಂಟೆಗೆ ವಾಪಸ್ ಬಂದು ನೋಡಿದರೆ ಗೋಡೌನಿನ ಬಾಗಿಲು ಹಾರು ಹೊಡೆದಿತ್ತು. ನಾಲ್ಕು ಕಟ್ಟು ಮಾಯ. ಅರವತ್ತನಾಲ್ಕು ಸೀರೆ.

ಯಜಮಾನರ ಮುಖ ಮೊದಲು ಬಿಳಿಚಿಕೊಂಡಿತು. ಆಮೇಲೆ ಏನೋ ಹೊಳೆದವರ ಹಾಗೆ ಕೆಂಪಗಾಯಿತು. "ಅರವತ್ನಾಲ್ಕು ಸೀರೆ, ಒಂದೊಂದಕ್ಕೆ ಹದಿನೇಳು ಸಾವಿರದ ಎಂಟ್ನೂರು," ಎಂದು ಅಲ್ಲೇ ನಿಂತು ಮೊಬೈಲಿನಲ್ಲಿ ಗುಣಿಸಿದರು. "ಹನ್ನೊಂದು ಲಕ್ಷದ ಮೇಲೆ ಆಯ್ತು! ಹೊಸ ಕಾನೂನಿಗೇ ಬರುತ್ತೆ ಕಣ್ರೋ. ಜಿಲ್ಲೆಗೇ ಮೊದಲನೇ ಕೇಸು ನಮ್ದೇ ಆಗುತ್ತೆ!"

ಸೀರೆ ಹೋದ ದುಃಖಕ್ಕಿಂತ ಮೊದಲನೇ ಬಹುಮಾನ ಬಂದ ಖುಷಿಯೇ ಅದರಲ್ಲಿ ಹೆಚ್ಚಾಗಿ ಕೇಳಿಸಿತು. ಆ ಚೀಟಿಗಳನ್ನು ಹೊಲಿದದ್ದು ನಾನೇ. ಅದರ ಮೇಲಿನ ಹದಿನೇಳು ಸಾವಿರದ ಎಂಟುನೂರು ಎಷ್ಟು ನಿಜವೆಂದು ನನ್ನ ಸೂಜಿಗೂ ಗೊತ್ತಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ ಕೇಳಿ. ನಮ್ಮೂರಿನ ಬಹುಪಾಲು ಮಗ್ಗಗಳಲ್ಲಿ ಈಗ ಓಡುವುದು ಪಾಲಿಯೆಸ್ಟರ್ ದಾರ. ನೋಡಲು ರೇಷ್ಮೆ, ಹೊಳಪು ರೇಷ್ಮೆಗಿಂತ ಒಂದು ಕೈ ಮೇಲು. ಇದರಲ್ಲಿ ತಪ್ಪೇನೂ ಇಲ್ಲ. ಸಾವಿರ ರೂಪಾಯಿಗೆ ಬಡವರ ಮನೆ ಹುಡುಗಿ ಮದುವೆಯಲ್ಲಿ ಮಿಂಚಬೇಕಲ್ಲ. ತಪ್ಪು ಇರುವುದು ಚೀಟಿಯಲ್ಲಿ. ಬೆಂಗಳೂರಿನ ಅಂಗಡಿಯವರು ಆರ್ಡರ್ ಕೊಡುವಾಗಲೇ, ಚೀಟಿಯಲ್ಲಿ ಎಷ್ಟು ಹಾಕಬೇಕೆಂದು ಹೇಳಿಬಿಡುತ್ತಾರೆ. ‘ಶುದ್ಧ ರೇಷ್ಮೆ’ ಎಂದು ಮೇಲೆ, ಹದಿನೇಳು ಸಾವಿರದ ಎಂಟುನೂರು ಎಂದು ಕೆಳಗೆ. ಆಮೇಲೆ ಅಂಗಡಿಯಲ್ಲಿ ಅದಕ್ಕೆ ಕೆಂಪು ಗೆರೆ ಎಳೆದು, ಅರ್ಧಕ್ಕಿಂತ ಕಡಿಮೆಗೆ ಕೊಟ್ಟು, ಗಿರಾಕಿಯ ಕೈಯಲ್ಲಿ ‘ಎಂಥಾ ಲಾಭ ಹೊಡೆದೆ!’ ಅನ್ನಿಸುತ್ತಾರೆ. ನಮ್ಮ ಗೋಡೌನಿನಿಂದ ಅದೇ ಸೀರೆ ಹೊರಡುವುದು ಒಂಬೈನೂರ ಐವತ್ತಕ್ಕೆ. ಇದು ಊರಿಗೆಲ್ಲ ಗೊತ್ತಿರುವ ಗುಟ್ಟು. ನೇಯುವವನು ಹೇಳುವುದಿಲ್ಲ, ಮಡಿಸುವವಳು ಹೇಳುವುದಿಲ್ಲ, ಮಾರುವವನಂತೂ ಹೇಳುವುದೇ ಇಲ್ಲ.

ಪೊಲೀಸರು ಬಂದರು, ಗೋಡೌನಿನಲ್ಲಿ ಉಳಿದಿದ್ದ ಬೇರೆ ಕಟ್ಟುಗಳ ಚೀಟಿ ನೋಡಿದರು, ಅದೇ ಬೆಲೆ ಬರೆದುಕೊಂಡರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಹನ್ನೊಂದು ಲಕ್ಷದ ಮೂವತ್ತೊಂಬತ್ತು ಸಾವಿರದ ಇನ್ನೂರು ರೂಪಾಯಿಯ ಭಾರಿ ಕಳವು ಎಂದು ಕೇಸು ದಾಖಲಾಯಿತು. ಮರುದಿನದ ಪೇಪರಿನಲ್ಲಿ ಯಜಮಾನರ ಫೋಟೋ ಬಂತು. ಅವರು ಖಾಲಿ ಜಾಗವನ್ನು ಬೆರಳಿಟ್ಟು ತೋರಿಸುತ್ತಿದ್ದರು.

ಮೂರನೆಯ ದಿನ ಕಳ್ಳ ಸಿಕ್ಕಿದ. ನನ್ನ ತಮ್ಮ ಮುರಳಿ.

ಥೂ! ಹೇಳಲು ನಾಚಿಕೆಯಾಗುತ್ತದೆ. ಕಳ್ಳತನ ಮಾಡಿದ್ದಕ್ಕೆ ಒಂದು ಪಾಲು ನಾಚಿಕೆಯಾದರೆ, ಮಾಡಿದ ರೀತಿಗೆ ಮೂರು ಪಾಲು. ದಾಬಸ್‌ಪೇಟೆಯ ಒಂದು ಗೋದಾಮಿನಲ್ಲಿ ಲೋಡಿಂಗ್ ಕೆಲಸಕ್ಕಿದ್ದವನು, ಅಲ್ಲಿ ಮೇಸ್ತ್ರಿಯ ಜೊತೆ ಜಗಳವಾಡಿ ಬಿಟ್ಟು ಬಂದು, ಎರಡು ತಿಂಗಳಿಂದ ಮನೆಯಲ್ಲಿ ಮೊಬೈಲು ತೀಡುತ್ತಾ ಕೂತಿದ್ದ. ನನ್ನನ್ನು ಕೆಲಸಕ್ಕೆ ಬಿಡಲು ಬಂದಾಗಲೆಲ್ಲ ಗೋಡೌನಿನ ಬೀಗದ ಕೈ ದೇವರ ಪಟದ ಹಿಂದೆ ಇರುವುದನ್ನು ನೋಡಿದ್ದ. ಸಭೆಯ ದಿನ ಸ್ನೇಹಿತನ ಆಟೋ ತಂದು, ಹಾಡಹಗಲೇ ನಾಲ್ಕು ಕಟ್ಟು ಹಾಕಿಕೊಂಡು ಹೋಗಿದ್ದಾನೆ. ನೆಲಮಂಗಲದ ಒಂದು ಬಟ್ಟೆ ಅಂಗಡಿಗೆ ಹೋಗಿ, "ಹದಿನೇಳು ಸಾವಿರದ ಸೀರೆ, ಹತ್ತು ಸಾವಿರಕ್ಕೆ ಕೊಡ್ತೀನಿ ಗುರು," ಅಂದಿದ್ದಾನೆ. ಚೀಟಿ ಕಿತ್ತರೆ ಬೆಲೆ ಬೀಳುತ್ತದೆಂದು ಯಜಮಾನರ ಹೆಸರಿನ ಚೀಟಿಯನ್ನು ಸೀರೆಗೇ ಬಿಟ್ಟಿದ್ದಾನೆ! ಅಂಗಡಿಯವನು ಸೀರೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ನಕ್ಕು, ಇವನಿಗೆ ಕಾಫಿ ತರಿಸಿಕೊಟ್ಟು, ಒಳಗೆ ಹೋಗಿ ಚೀಟಿಯಲ್ಲಿದ್ದ ನಂಬರಿಗೆ ಫೋನು ಮಾಡಿದ್ದಾನೆ. ಇವನು ಕಾಫಿ ಮುಗಿಸುವಷ್ಟರಲ್ಲಿ ಪೊಲೀಸರು ಬಂದಿದ್ದಾರೆ.

ಇಂಥ ದಡ್ಡ ಶಿಖಾಮಣಿಗೆ ಹತ್ತು ವರ್ಷ. ಅಮ್ಮ ಅವತ್ತಿನಿಂದ ಅನ್ನ ಮುಟ್ಟಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ನಾನು ಅಮ್ಮನ ಮನೆಗೇ ಬಂದವಳು. ಈ ಮುರಳಿ ನಾನು ಎತ್ತಿ ಆಡಿಸಿದ ಕೂಸು. ಅವನಿಗೆ ಮೂವತ್ತೊಂದು ವರ್ಷ. ಒಳಗೆ ಹತ್ತು ವರ್ಷ ಕಳೆದರೆ ನಲವತ್ತೊಂದು. ಅಷ್ಟು ದಿನ ಅಮ್ಮ ಇರುತ್ತಾಳೆ ಎಂದು ಯಾವ ದೇವರೂ ಬರೆದುಕೊಟ್ಟಿಲ್ಲ.

ಕೋರ್ಟಿನ ಹತ್ತಿರ ಸಬಾ ಎಂಬ ವಕೀಲೆ ಇದ್ದಾಳೆ. ಚಿಕ್ಕ ಹುಡುಗಿ, ಮಾತು ಚುರುಕು. ಅವಳ ತಂದೆಯ ಟೈಲರಿಂಗ್ ಅಂಗಡಿಗೆ ನಾನು ಹಿಂದೆ ಕಾಜಾ ಹಾಕಿಕೊಡುತ್ತಿದ್ದೆ. ಆ ಪರಿಚಯದ ಮೇಲೆ ಹೋದೆ.

ಅವಳು ಕಾಗದ ಓದಿ ನಿಟ್ಟುಸಿರು ಬಿಟ್ಟಳು. "ಅಕ್ಕಾ, ಕದ್ದಿಲ್ಲ ಅಂತ ಹೇಳೋಕೆ ದಾರಿಯಿಲ್ಲ. ಮಾಲು ಸಮೇತ ಸಿಕ್ಕಿಬಿದ್ದಿದ್ದಾನೆ. ಇರೋದು ಒಂದೇ ದಾರಿ. ಹತ್ತು ಲಕ್ಷ ದಾಟಿದ್ರೆ ಹೊಸ ಕಾನೂನು, ಇವನು ಸದ್ಯಕ್ಕೆ ಹೊರಗೆ ಬರಲ್ಲ. ಹತ್ತರ ಒಳಗಿದ್ರೆ ಹಳೇ ಸೆಕ್ಷನ್, ಬೇಲ್ ಸಿಗುತ್ತೆ, ಮೊದಲನೇ ತಪ್ಪು ಅಂತ ಶಿಕ್ಷೆನೂ ಕಮ್ಮಿ ಆಗಬಹುದು. ಆ ಸೀರೆಗಳು ನಿಜವಾಗ್ಲೂ ಅಷ್ಟು ಬೆಲೆ ಬಾಳ್ತಾವಾ?"

ನಾನು ನೆಲ ನೋಡಿದೆ. ಹನ್ನೊಂದು ವರ್ಷದ ಅನ್ನ ಆ ಚೀಟಿಯಿಂದ ಬಂದದ್ದು. ಬಾಯಿ ಬಿಟ್ಟರೆ ನಾಳೆಯಿಂದ ಊರಿನ ಯಾವ ಮಾಲೀಕನೂ ನನಗೆ ಒಂದು ಸೀರೆ ಮಡಿಸಲು ಕೊಡುವುದಿಲ್ಲ. "ಬೆಲೆ ಯಜಮಾನ್ರಿಗೆ ಗೊತ್ತಿರುತ್ತೆ ಕಣಮ್ಮಾ," ಅಂದೆ.

ಸಬಾ ನನ್ನ ಮುಖವನ್ನೇ ನೋಡಿದಳು. ಆದರೆ ಕೋರ್ಟಿನಲ್ಲಿ ಅರ್ಜಿ ಹಾಕಿ, ಚೀಟಿ ನಂಬುವುದಕ್ಕಿಲ್ಲ, ಕಸುಬು ತಿಳಿದವರಿಂದ ಬೆಲೆ ಕಟ್ಟಿಸಬೇಕು ಎಂದು ವಾದಿಸಿದಳು. ನ್ಯಾಯಾಧೀಶರು ಒಪ್ಪಿದರು. ಊರಿನ ಇಬ್ಬರು ಹಿರಿಯ ನೇಕಾರರಿಂದ ಪೊಲೀಸರ ಎದುರು ಬೆಲೆ ಕಟ್ಟಿಸಿ ವರದಿ ಕೊಡಿ ಅಂದರು.

ಅವತ್ತು ಸಂಜೆ ನಾನು ಯಜಮಾನರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದರು.

"ವೇಣಣ್ಣ, ತಪ್ಪು ಮಾಡಿದ್ದಾನೆ, ಒಪ್ಕೊಳ್ತೀನಿ. ಬೇಕಾದ್ರೆ ಚಪ್ಪಲೀಲಿ ಹೊಡೀರಿ. ಆದ್ರೆ ಆ ಸೀರೆ ಬೆಲೆ ಎಷ್ಟು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಿಜವಾದ್ದು ಹೇಳ್ಬಿಡಿ. ಸಣ್ಣ ಕೇಸಾಗುತ್ತೆ, ಅದರ ಶಿಕ್ಷೆ ಅವನು ಅನುಭವಿಸ್ಲಿ," ಅಂದೆ.

"ಚೀಟಿ ಮೇಲೆ ಏನಿದ್ಯೋ ಅದೇ ಬೆಲೆ," ಅಂದರು.

"ಆ ಚೀಟಿ ಹೊಲಿದವಳು ನಾನು ಕಣಣ್ಣಾ."

"ಹೊಲಿಯೋದು ನಿನ್ನ ಕೆಲಸ. ಓದೋದು ನಿನ್ನ ಕೆಲಸ ಅಲ್ಲ." ಒಂದು ಹಿಡಿ ಚುರುಮುರಿ ಬಾಯಿಗೆ ಎಸೆದುಕೊಂಡು ಮುಂದುವರಿಸಿದರು. "ನೋಡು ಬನಶಂಕ್ರಿ, ನಾನು ಸಂಘದ ಅಧ್ಯಕ್ಷ. ನನ್ನ ಚೀಟಿ ಸುಳ್ಳು ಅಂದ್ರೆ ಊರಿನ ಅಷ್ಟೂ ಚೀಟಿ ಸುಳ್ಳು ಅಂತಾಯ್ತು. ನಿನ್ನ ತಮ್ಮ ಒಬ್ಬನಿಗೋಸ್ಕರ ದೊಡ್ಡಬಳ್ಳಾಪುರದ ಮಾನ ಹರಾಜು ಹಾಕ್ಲಾ? ನಾಡಿದ್ದು ನಿನ್ನೂ ಠಾಣೆಗೆ ಕರೀತಾರೆ. ಸೀರೆ ನಮ್ಮದೇ ಅಂತ ಗುರುತು ಹಿಡಿಯೋಕೆ. ನಿನ್ನ ಹೊಲಿಗೆ ತೋರಿಸು, ಹೌದು ಅನ್ನು, ಬಾ. ಕೆಲಸ ಉಳಿಸ್ಕೋ."

ಊರಿನ ಮಾನವಂತೆ! ಆ ಮಾನ ನಿಂತಿರುವುದು ನನ್ನ ಸೂಜಿಯ ತುದಿಯಲ್ಲಿ ಎಂದು ಅವತ್ತೇ ನನಗೆ ತಿಳಿದದ್ದು. ಮನೆಗೆ ಬಂದು ಗಂಜಿ ಕಾಸಿ ಅಮ್ಮನ ಮುಂದಿಟ್ಟೆ. ಅವಳು ಅದನ್ನು ಹಾಗೇ ಪಕ್ಕಕ್ಕೆ ಸರಿಸಿದಳು.

ಗೊತ್ತುಮಾಡಿದ ದಿನ ಬೆಳಗ್ಗೆ ಹನ್ನೊಂದಕ್ಕೆ ಠಾಣೆಗೆ ಹೋದೆ. ಇನ್ಸ್‌ಪೆಕ್ಟರ್ ರಾಜೇಂದ್ರ ಅವರ ಕೋಣೆಯ ಮೇಜಿನ ಮೇಲೆ ಅರವತ್ತನಾಲ್ಕೂ ಸೀರೆ ಜೋಡಿಸಿಟ್ಟಿದ್ದರು. ಯಜಮಾನರು ಇನ್ಸ್‌ಪೆಕ್ಟರ ಎದುರಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಸಬಾ ಬಾಗಿಲ ಹತ್ತಿರ ನಿಂತಿದ್ದಳು. ಅವಳಿಗೆ ಕುರ್ಚಿ ಕೊಟ್ಟಿರಲಿಲ್ಲ. ಬೆಲೆ ಕಟ್ಟಲು ಬಂದಿದ್ದ ಹಿರಿಯರು ಇಬ್ಬರು: ಪಾಪಯ್ಯನವರು, ಲಕ್ಷ್ಮಯ್ಯನವರು. ಪಾಪಯ್ಯನವರಿಗೆ ಎಪ್ಪತ್ತರ ಮೇಲಾಗಿದೆ. ಕೈಮಗ್ಗದ ಕಾಲದವರು. ಕಣ್ಣು ಮುಚ್ಚಿ ದಾರ ಮುಟ್ಟಿ ಇದು ಯಾವ ದಾರ ಎಂದು ಹೇಳಬಲ್ಲವರು ಎಂದು ಊರು ಹೊಗಳುತ್ತದೆ. ಅವರ ಇಬ್ಬರು ಮಕ್ಕಳ ಮಗ್ಗಗಳಿಗೆ ದಾರ ಕೊಡುವವರು ನಮ್ಮ ಯಜಮಾನರೇ ಎನ್ನುವುದನ್ನು ಊರು ಹೇಳುವುದಿಲ್ಲ.

ಪಾಪಯ್ಯನವರು ಒಂದು ಸೀರೆಯ ಸೆರಗನ್ನು ಹೆಬ್ಬೆರಳಿನಲ್ಲಿ ಉಜ್ಜಿದರು. ಉಜ್ಜಿದ ಬೆರಳು ಸಟ್ಟನೆ ನಿಂತಿತು. ಆ ಬೆರಳಿಗೆ ಗೊತ್ತಾಯಿತು, ನನಗೂ ಕಂಡಿತು. ಅವರು ಫ್ಯಾನಿನ ಕಡೆ ಮುಖ ಎತ್ತಿ, "ರೇಷ್ಮೆ," ಅಂದರು.

ಲಕ್ಷ್ಮಯ್ಯನವರು ಸೀರೆ ಮುಟ್ಟುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. "ಪ್ಯೂರ್ ಸಾರ್, ಪ್ಯೂರ್. ಚೀಟಿ ಬೆಲೆ ಸರಿಯಾಗೇ ಇದೆ," ಅಂದು ಜೇಬಿನಿಂದ ಪೆನ್ನು ತೆಗೆದೇಬಿಟ್ಟರು.

"ಏನಮ್ಮಾ, ಈ ಹೊಲಿಗೆ ನಿಂದೇನಾ ನೋಡು," ಎಂದರು ಇನ್ಸ್‌ಪೆಕ್ಟರು.

ನೋಡಿದೆ. ಕೆಂಪು ದಾರದಲ್ಲಿ ಮೂರು ಹೊಲಿಗೆ, ಹಿಂದೆ ಒಂದು ಗಂಟು. ನನ್ನದೇ. "ನಂದೇ ಸಾರ್," ಅಂದೆ. ಯಜಮಾನರು ತಲೆಯಾಡಿಸಿದರು. ಲಕ್ಷ್ಮಯ್ಯನವರು ಸಹಿ ಹಾಕಲು ಕಾಗದ ಎಳೆದುಕೊಂಡರು. ಆ ಪೆನ್ನು ಕಾಗದಕ್ಕೆ ತಾಗಿದರೆ ಮುಗಿಯಿತು, ಮುರಳಿ ಹತ್ತು ವರ್ಷ ಒಳಗೆ. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

"ತಡೀರಿ ಲಕ್ಷ್ಮಯ್ಯನೋರೇ! ಮುಟ್ಟದೇ ಬೆಲೆ ಕಟ್ಟೋಕೆ ಅದೇನು ದೇವರ ಮೂರ್ತಿನಾ?" ಎಂದು ಕೂಗಿದೆ. ಕೂಗಿದ್ದು ನಾನೇನಾ ಎಂದು ನನಗೇ ಗಾಬರಿಯಾಯಿತು. ಅಷ್ಟರಲ್ಲಿ ನನ್ನ ಕೈ ಸೆರಗಿನ ತುದಿಯಿಂದ ಒಂದು ಎಳೆ ಎಳೆದಾಗಿತ್ತು. ಇನ್ನೊಂದು ಕೈ ಪಾಪಯ್ಯನವರ ಅಂಗಿಯ ಜೇಬಿಗೆ ಹೋಗಿ ಬೀಡಿಯ ಪಕ್ಕದಲ್ಲಿದ್ದ ಬೆಂಕಿಪೊಟ್ಟಣ ತೆಗೆದಿತ್ತು.

"ಏಯ್, ಏನ್ ಮಾಡ್ತಿದ್ದೀಯಾ ನೀನು? ಅದು ಕೋರ್ಟಿನ ಮಾಲು!" ಇನ್ಸ್‌ಪೆಕ್ಟರು ಎದ್ದು ನಿಂತರು.

"ಒಂದೇ ಎಳೆ ಸಾರ್. ಬೇಕಾದ್ರೆ ಅದನ್ನೂ ನನ್ನ ಲೆಕ್ಕಕ್ಕೆ ಬರ್ಕೊಳ್ಳಿ." ಕಡ್ಡಿ ಗೀರಿ ಎಳೆಗೆ ಹಿಡಿದೆ. ಎಳೆ ಮುದುರಿ, ಕರಗಿ, ಕಪ್ಪಗೆ ಸಾಸಿವೆ ಕಾಳಿನಷ್ಟು ಗಂಟಾಗಿ ಮೇಜಿನ ಮೇಲೆ ಬಿತ್ತು. ಕೋಣೆಯಲ್ಲಿ ಪ್ಲಾಸ್ಟಿಕ್ ಸುಟ್ಟ ನಾತ ಹರಡಿತು.

"ಇದರಿಂದ ಏನು ಗೊತ್ತಾಗುತ್ತೆ?" ಎಂದರು ಇನ್ಸ್‌ಪೆಕ್ಟರು.

"ನಾನು ಕಳ್ಳನ ಅಕ್ಕ ಸಾರ್, ನನ್ನ ಮಾತು ಯಾಕೆ ನಂಬ್ತೀರಿ. ಪಾಪಯ್ಯನೋರನ್ನ ಕೇಳಿ. ಐವತ್ತು ವರ್ಷ ರೇಷ್ಮೆ ನೇಯ್ದಿದ್ದಾರೆ. ಪಾಪಣ್ಣಾ, ಆ ಕೈ ಮೇಲೆ ಆಣೆ ಇಟ್ಟು ಹೇಳಿ. ರೇಷ್ಮೆ ಸುಟ್ರೆ ಹೀಗಾಗುತ್ತಾ?"

ಪಾಪಯ್ಯನವರು ಆ ಕರಿಗಂಟನ್ನು ನೋಡುತ್ತಾ ಕೂತರು. ಯಜಮಾನರು ಕೆಮ್ಮಿದರು, ಕಾಲ ಮೇಲಿನ ಕಾಲು ಇಳಿಸಿದರು. ಮುದುಕರು ಆ ಗಂಟನ್ನು ಎತ್ತಿ ಬೆರಳ ನಡುವೆ ಹಿಸುಕಿ ನೋಡಿದರು.

"ರೇಷ್ಮೆ ಕರಗಲ್ಲ ಸಾರ್," ಅಂದರು. "ಸುಟ್ರೆ ಕೂದಲು ಸುಟ್ಟ ವಾಸನೆ ಬರುತ್ತೆ. ಬೆರಳಲ್ಲಿ ಹಿಸುಕಿದ್ರೆ ಬೂದಿಯಾಗಿ ಉದುರುತ್ತೆ. ಗಂಟು ಕಟ್ಟೋದು ಪಾಲಿಯೆಸ್ಟರು."

ಇದರಿಂದ ಇನ್ಸ್‌ಪೆಕ್ಟರಿಗೆ ನ್ಯಾಯದ ಕಣ್ಣು ತೆರೆಯಿತು ಎಂದುಕೊಂಡರೆ ನೀವು ಬಹಳ ಒಳ್ಳೆಯವರು. ಅವರು ಒಂದು ನಿಮಿಷ ಆ ಕರಿಗಂಟನ್ನೂ ಇನ್ನೊಂದು ನಿಮಿಷ ಯಜಮಾನರನ್ನೂ ನೋಡಿ, ಮೊಬೈಲು ತೆಗೆದು ಮನೆಗೆ ಫೋನು ಮಾಡಿದರು. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದರು.

"ಲೇ, ಮಗಳ ನಿಶ್ಚಿತಾರ್ಥಕ್ಕೆ ವೇಣುಗೋಪಾಲ್ ಅವರತ್ರ ತಗೊಂಡ್ವಲ್ಲ, ಆ ಹಸಿರು ಸೀರೆ. ಬೀರುವಿಂದ ತೆಗಿ. ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು ಬೆಂಕಿ ಹಚ್ಚಿ ನೋಡು."

"ನಿಮಗೇನು ತಲೆ ಕೆಟ್ಟಿದ್ಯಾ? ಏಳು ಸಾವಿರದ ಸೀರೆಗೆ ಬೆಂಕಿ ಹಚ್ಚು ಅಂತೀರಲ್ಲ!"

"ಹೇಳಿದಷ್ಟು ಮಾಡೇ."

ನಾವೆಲ್ಲ ಆ ಫೋನನ್ನು ನೋಡುತ್ತಾ ನಿಂತೆವು. ಬೀರು ತೆರೆದ ಸದ್ದು ಬಂತು. ಗ್ಯಾಸ್ ಲೈಟರು ಟಿಕ್ ಟಿಕ್ ಅಂದಿತು. ಯಜಮಾನರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ಸರ್ಕಾರ, ಶಾಸನಸಭೆ, ಕೋರ್ಟು, ಅಷ್ಟೂ ಜನ ಸೇರಿ ಮಾಡಿದ ಕಾನೂನಿನ ಹಣೆಬರಹ ಆ ಹೊತ್ತಿಗೆ ಒಬ್ಬ ಗೃಹಿಣಿಯ ಅಡುಗೆಮನೆಯಲ್ಲಿತ್ತು.

"ರೀ," ಎಂದಿತು ಫೋನು. "ಗಂಟು ಕಟ್ಕೊಳ್ತು ಕಣ್ರೀ. ಪ್ಲಾಸ್ಟಿಕ್ ವಾಸನೆ. ಹದಿನೇಳು ಸಾವಿರದ್ದು, ನಿಮಗೆ ಅಂತ ಏಳಕ್ಕೆ ಕೊಡ್ತಿದ್ದೀನಿ ಅಂದಿದ್ನಲ್ಲ ಆ ಮನುಷ್ಯ! ಬೀಗರ ಮುಂದೆ ಎಷ್ಟು ಜಂಬ ಕೊಚ್ಕೊಂಡಿದ್ದೆ ನಾನು!"

ಇನ್ಸ್‌ಪೆಕ್ಟರು ಫೋನು ಕಟ್ ಮಾಡಿದರು. ಅರವತ್ತನಾಲ್ಕು ಸೀರೆಯ ಕಳವಿನ ಕೇಸಿನಲ್ಲಿ ಅಷ್ಟು ದಿನ ಬಾರದ ಕೋಪ ಒಂದು ಹಸಿರು ಸೀರೆಗೆ ಬಂತು.

"ಏನ್ರೀ ಅಧ್ಯಕ್ಷರೇ, ಇದರ ನಿಜವಾದ ಬೆಲೆ ಎಷ್ಟು?"

ಯಜಮಾನರು ನನ್ನ ಕಡೆ ಕೈ ತೋರಿಸಿದರು. "ಸಾರ್, ಚೀಟಿ ಹೊಲಿಯೋದು ಇವಳು. ರೇಷ್ಮೆ ಸೀರೆಗೆ ಹಾಕೋ ಚೀಟಿನ ತಪ್ಪಿ ಇದಕ್ಕೆ ಹಾಕಿದ್ದಾಳೆ. ತಮ್ಮನ ಜೊತೆ ಸೇರ್ಕೊಂಡು ಬೇಕಂತಲೇ ಮಾಡಿರಬಹುದು!"

ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಎಂದು ಕೇಳಿದ್ದೆ. ಕಣ್ಣೆದುರು ನೋಡಿದ್ದು ಅವತ್ತೇ. ಹನ್ನೊಂದು ವರ್ಷ ಅವರ ಮನೆಯ ಹಜಾರದಲ್ಲಿ ಬೆನ್ನು ಬಗ್ಗಿಸಿದವಳು ನಾನು. ಸಬಾ ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ಬಂದಳು.

"ಅರವತ್ನಾಲ್ಕಕ್ಕೂ ತಪ್ಪಾಯ್ತಾ ಸಾರ್? ಗೋಡೌನಲ್ಲಿ ಉಳಿದಿರೋ ಕಟ್ಟುಗಳಿಗೂ?" ಎಂದಳು.

"ನಮ್ಮನೆ ಸೀರೆಗೂ?" ಎಂದರು ಇನ್ಸ್‌ಪೆಕ್ಟರು.

ಹೌದು ಅಂದರೆ ಊರಿಗೆಲ್ಲ ಪಾಲಿಯೆಸ್ಟರು ಮಾರಿದ್ದನ್ನು ಒಪ್ಪಿಕೊಂಡಂತೆ, ಇಲ್ಲ ಅಂದರೆ ಮತ್ತೆ ಬೆಂಕಿಕಡ್ಡಿ. ಕೊನೆಗೆ ಯಜಮಾನರು ತಲೆ ತಗ್ಗಿಸಿ, "ಒಂಬೈನೂರ ಐವತ್ತು," ಅಂದರು. ಮಾಜಿ ಮಂತ್ರಿಯ ಎದುರು ಗುಡುಗಿದ ಗಂಟಲು ಅದೇನಾ ಅನ್ನುವಷ್ಟು ಸಣ್ಣಗೆ ಹೇಳಿದರು.

ಹೊಸ ಕಾಗದದಲ್ಲಿ ಬರೆದರು: ಅರವತ್ತನಾಲ್ಕು ಪಾಲಿಯೆಸ್ಟರ್ ಸೀರೆ, ಒಟ್ಟು ಬೆಲೆ ಅರವತ್ತು ಸಾವಿರದ ಎಂಟುನೂರು. ಪಾಪಯ್ಯನವರು ಸಹಿ ಹಾಕಿದರು. ಲಕ್ಷ್ಮಯ್ಯನವರು ಅಷ್ಟೇ ಹುರುಪಿನಿಂದ ಅದಕ್ಕೂ ಸಹಿ ಹಾಕಿದರು. ಅವರ ಪೆನ್ನಿಗೆ ಹನ್ನೊಂದು ಲಕ್ಷವೂ ಒಂದೇ, ಅರವತ್ತು ಸಾವಿರವೂ ಒಂದೇ. ಭಾರಿ ಕಳವು ಅಲ್ಲಿಗೆ ಸತ್ತಿತು.

ಇನ್ನು ಯಜಮಾನರಿಗೆ ಏನಾಯಿತು ಎಂದು ಕೇಳುತ್ತೀರಿ. ಏನೂ ಆಗಲಿಲ್ಲ. ಮರುದಿನ ಇನ್ಸ್‌ಪೆಕ್ಟರ ಮನೆಗೆ ಒಂದು ಅಪ್ಪಟ ರೇಷ್ಮೆ ಸೀರೆ ಹೋಯಿತಂತೆ, ಅದಕ್ಕೆ ಚೀಟಿಯೇ ಇರಲಿಲ್ಲವಂತೆ. ಮೋಸದ ಕೇಸು ಹಾಕಬಹುದಲ್ಲವೇ ಎಂದು ನಾನು ಸಬಾಳನ್ನು ಕೇಳಿದೆ. "ಹಾಕಬಹುದು ಅಕ್ಕಾ, ಮೋಸ ಹೋದವರು ಬಂದು ಹೇಳಬೇಕು," ಅಂದಳು. ಯಾರು ಬರುತ್ತಾರೆ? ಮದುವೆಯಲ್ಲಿ ಉಟ್ಟು ಮೆರೆದ ಸೀರೆ ಪ್ಲಾಸ್ಟಿಕ್ ಎಂದು ಕೋರ್ಟಿನಲ್ಲಿ ಕೂಗಲು ಯಾವ ಹೆಣ್ಣಿಗೆ ಹುಚ್ಚು ಹಿಡಿದಿದೆ? ಅರವತ್ತನಾಲ್ಕು ಸೀರೆ ಒಂದೇ ದಿನ ಎತ್ತಿದರೆ ಕಳವು. ಸಾವಿರಾರು ಜನರ ಗಂಟು ಒಂದೊಂದೇ ಬಿಚ್ಚಿಸಿಕೊಂಡರೆ ವ್ಯಾಪಾರ. ಇದಕ್ಕೆ ಎಷ್ಟು ವರ್ಷ ಎಂದು ಯಾವ ಮಾಜಿ ಮಂತ್ರಿಯೂ ಮೈಕಿನಲ್ಲಿ ಹೇಳಲಿಲ್ಲ.

ನನಗೆ ಮಾತ್ರ ಶಿಕ್ಷೆ ಅವತ್ತೇ ಆಯಿತು. ಸಂಜೆಯೊಳಗೆ ಸಂಘದ ವಾಟ್ಸಾಪಿನಲ್ಲಿ ನನ್ನ ಹೆಸರು ಓಡಾಡಿತು. ಆ ವಾರ ಹದಿನಾಲ್ಕು ಮನೆ ಮೆಟ್ಟಿಲು ಹತ್ತಿದೆ. ಹದಿನಾಲ್ಕು ಕಡೆಯೂ, "ಈಗ ಮಡಿಸೋಕೆ ಮಾಲಿಲ್ಲ ಕಣಮ್ಮಾ," ಅಂದರು. ಅವರ ಬೆನ್ನ ಹಿಂದೆಯೇ ಕಟ್ಟುಗಳು ಸೂರಿಗೆ ಮುಟ್ಟಿದ್ದವು. ಇರಲಿ. ತಮ್ಮ ಹೊರಗೆ ಬರುತ್ತಾನಲ್ಲ, ಅಮ್ಮ ಉಣ್ಣುತ್ತಾಳಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆಯೂ ಇತ್ತು. ಇಡೀ ಊರು ಬಾಯಿ ಮುಚ್ಚಿಕೊಂಡಾಗ ನಿಜ ಹೇಳಿದವಳು ನಾನೊಬ್ಬಳೇ ಎಂದು.

ಎಂಟು ದಿನದ ಮೇಲೆ ಮುರಳಿಗೆ ಜಾಮೀನಾಯಿತು. ಜೈಲಿನ ಬಾಗಿಲಿಗೆ ಹೋಗಿ ಕರೆದುಕೊಂಡು ಬಂದೆ. ಗಡ್ಡ ಬಿಟ್ಟಿದ್ದ, ಬಡವಾಗಿದ್ದ. ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಕೂರಿಸಿ ಇಡ್ಲಿ ವಡೆ ಕೊಡಿಸಿದೆ. ತಲೆ ಎತ್ತದೆ ಎರಡು ಪ್ಲೇಟು ತಿಂದ. ಕಾಲಿಗೆ ಬೀಳುತ್ತಾನೆ, ಅಳುತ್ತಾನೆ ಎಂದು ಕಾದೆ. ಅವನು ಕೈ ತೊಳೆದು ಬಂದು ಕೂತು ಕೇಳಿದ್ದು ಬೇರೆಯೇ.

"ಅಕ್ಕಾ, ಅರವತ್ನಾಲ್ಕರಲ್ಲಿ ಒಂದೂ ರೇಷ್ಮೆ ಇರ್ಲಿಲ್ವಾ?"

"ಒಂದೂ ಇಲ್ಲ ಕಣೋ ಹುಚ್ಚು ಮುಂಡೇದೇ! ಪ್ಲಾಸ್ಟಿಕ್ಕಿಗೆ ಹೋಗಿ ಹತ್ತು ವರ್ಷ ಮೈಮೇಲೆ ಎಳ್ಕೊಂಡಿದ್ದೆಯಲ್ಲೋ! ಮಗ್ಗದ ಊರಲ್ಲಿ ಹುಟ್ಟಿ ಇಷ್ಟು ಗೊತ್ತಾಗಲ್ವಾ ನಿಂಗೆ? ಚೀಟಿಲಿ ಇರೋದನ್ನ ಯಾರಾದ್ರೂ ನಂಬ್ತಾರಾ?"

"ಚೀಟಿನ ನಾನು ನೋಡಿದ್ದು ಕದ್ದ ಮೇಲೆ," ಅಂದ. "ಅದಕ್ಕೂ ಮುಂಚೆ ನಂಗೆ ಹೇಳಿದ್ದು ನೀನೇ ಅಲ್ವಾ?"

"ನಾನಾ?"

"ದಿನಾ ಸಾಯಂಕಾಲ ಕೆಲಸದಿಂದ ಬಂದು ಅಮ್ಮನ ಹತ್ರ ಕೂತ್ಕೊಂಡು ಏನಂತಿದ್ದೆ? ‘ಇವತ್ತು ಹದಿನೈದು ಲಕ್ಷದ ರೇಷ್ಮೆ ಮಡಿಸ್ಬಿಟ್ಟು ಬಂದೆ ಕಣಮ್ಮಾ, ಈ ಬೀದೀಲಿ ಅಂಥಾ ಮಾಲು ಮುಟ್ಟೋ ಕೈ ನಂದೊಂದೇ’ ಅಂತ. ಹನ್ನೊಂದು ವರ್ಷ ಕೇಳಿದ್ದೀನಿ ಅಕ್ಕಾ. ಚೀಟಿ ನಂಬಿಲ್ಲ ನಾನು. ನಿನ್ನ ನಂಬಿ ಕದ್ದೆ."

ಹೊಡೆಯಲು ಕೈ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ಹೌದು, ಹೇಳುತ್ತಿದ್ದೆ. ಗಂಡ ಸತ್ತು ತವರಿಗೆ ಬಂದು ಕೂತವಳು, ಕೂಲಿಗೆ ಪ್ಲಾಸ್ಟಿಕ್ ಬಟ್ಟೆ ಮಡಿಸುತ್ತೇನೆ ಎಂದು ಹೇಳಲು ನಾಲಿಗೆ ಬರುತ್ತಿರಲಿಲ್ಲ. ಅಮ್ಮನ ಕಣ್ಣು ಅಷ್ಟು ಅರಳುತ್ತಿತ್ತು. ಆ ಸುಳ್ಳಿಗೆ ಯಜಮಾನರು ನನಗೆ ಕೂಲಿ ಕೊಟ್ಟಿರಲಿಲ್ಲ, ಅಂಗಡಿಯವನು ಆರ್ಡರ್ ಕೊಟ್ಟಿರಲಿಲ್ಲ. ನನ್ನಷ್ಟಕ್ಕೆ ನಾನೇ ಹೊಲಿದದ್ದು.

ಎದುರು ಕೂತವನು ಉತ್ತರಕ್ಕೆ ಕಾಯುತ್ತಿದ್ದ. ಎತ್ತಿದ ಕೈಯನ್ನು ಇಳಿಸಿ, ಅವನ ಮುಂದಿದ್ದ ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. "ತಪ್ಪು ನಂದೂ ಇದೆ ಕಣೋ," ಅಂದೆ. ಅದನ್ನು ಹೇಳುವಾಗ, ಠಾಣೆಯಲ್ಲಿ ಒಂಬೈನೂರ ಐವತ್ತು ಎಂದ ಯಜಮಾನರ ದನಿಗಿಂತಲೂ ನನ್ನ ದನಿ ಸಣ್ಣಗಿತ್ತು.